ವ್ಯಕ್ತಿಯ ಬೆನ್ನು ಹತ್ತಿದ ವರದಿಗಾರ

2025ರ ಅಕ್ಟೋಬರ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡ ಟಿ.ಜೆ.ಎಸ್. ಜಾರ್ಜ್ ಅವರಿಗೆ 97 ವರ್ಷವಾಗಿತ್ತು. ಅವರನ್ನು ನೆನೆಯುವವರು ಸಾಮಾನ್ಯವಾಗಿ ಎರಡು ಸಂಗತಿ ಹೇಳುತ್ತಾರೆ: ಒಂದು, 1965ರ ಜೈಲುವಾಸ; ಇನ್ನೊಂದು, ವಾರ ತಪ್ಪದೆ 25 ವರ್ಷ ಬರೆದ ಭಾನುವಾರದ ಅಂಕಣ. ಎರಡೂ ದೊಡ್ಡವೇ. ಆದರೆ ಪತ್ರಿಕೆಯ ಬರಹ ಮರುದಿನಕ್ಕೆ ಹಳತಾಗುತ್ತದೆ, ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಜಾರ್ಜ್ ಅವರ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದೇಶವಿರಲಿ, ಸಿನಿಮಾ ಇರಲಿ, ಸಂಗೀತವಿರಲಿ, ಅವರು ಬಹುಪಾಲು ಒಬ್ಬ ವ್ಯಕ್ತಿಯ ಮೂಲಕವೇ ನೋಡುತ್ತಿದ್ದರು. ಅವರ ಒಳ್ಳೆಯ ಪುಸ್ತಕಗಳನ್ನು ಬರೆಸಿದ್ದು ಈ ಕಣ್ಣೇ. ತಾವೇ ನೆಲೆಸಿದ ಬೆಂಗಳೂರಿನ ಬಗ್ಗೆ, ಕೊನೆಗೆ ತಮ್ಮ ಬಗ್ಗೆಯೇ ಬರೆಯಲು ಕೂತಾಗ ಅವರನ್ನು ಅರ್ಧ ದಾರಿಯಲ್ಲಿ ಬಿಟ್ಟದ್ದೂ ಅದೇ ಎಂಬುದು ನನ್ನ ವಾದ.

ಕೇರಳದ ತುಂಪಮಣ್‌ನಲ್ಲಿ 1928ರಲ್ಲಿ ಹುಟ್ಟಿದ ಜಾರ್ಜ್ 1950ರಲ್ಲಿ ಮುಂಬೈಯ ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. ಸ್ಥಾಪಕ ಎಸ್. ಸದಾನಂದರ ಆ ಪತ್ರಿಕೆ ಸಂಬಳ ಕಡಿಮೆ ಕೊಟ್ಟರೂ ಕಸುಬನ್ನು ಚೆನ್ನಾಗಿ ಕಲಿಸುತ್ತಿತ್ತು. ಬಾಳ ಠಾಕರೆ ವ್ಯಂಗ್ಯಚಿತ್ರ ಬರೆಯುತ್ತಿದ್ದದ್ದೂ ಅಲ್ಲಿಯೇ. ಪಟ್ನಾದ ‘ಸರ್ಚ್‌ಲೈಟ್’ ಸಂಪಾದಕರಾಗಿದ್ದಾಗ ಬಿಹಾರ ಸರ್ಕಾರವನ್ನು ಎದುರು ಹಾಕಿಕೊಂಡು ಜೈಲು ಸೇರಿದರು. ಸ್ವತಂತ್ರ ಭಾರತದಲ್ಲಿ ರಾಜದ್ರೋಹದ ಆರೋಪ ಹೊತ್ತ ಮೊದಲ ಸಂಪಾದಕ ಎಂದು ಅವರನ್ನು ಕರೆಯುವುದು ವಾಡಿಕೆ. ಅವರ ಪರ ವಾದಿಸಲು ಪಟ್ನಾಕ್ಕೆ ಬಂದಿಳಿದ ವಕೀಲರು ವಿ.ಕೆ. ಕೃಷ್ಣ ಮೆನನ್. ಅದಕ್ಕೆ ಒಂದೇ ವರ್ಷ ಮುಂಚೆ, 1964ರಲ್ಲಿ, ಜಾರ್ಜ್ ಬರೆದ ಮೆನನ್ ಜೀವನಚರಿತ್ರೆ ಹೊರಬಂದಿತ್ತು. ಆಮೇಲೆ ಹಾಂಗ್‌ಕಾಂಗ್. ಅಲ್ಲಿ ‘ಫಾರ್ ಈಸ್ಟರ್ನ್ ಎಕನಾಮಿಕ್ ರಿವ್ಯೂ’ನಲ್ಲಿ ಕೆಲಸ, 1975ರಲ್ಲಿ ‘ಏಷ್ಯಾವೀಕ್’ ಸ್ಥಾಪನೆ. 1981ರಲ್ಲಿ ಭಾರತಕ್ಕೆ ಮರಳಿ ಬೆಂಗಳೂರಿನಲ್ಲಿ ಮನೆ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು.

ಅಕ್ಕಿಮಂಡಿಯ ದಲ್ಲಾಳಿ ಮೂಟೆ ಬಿಚ್ಚಿಸುವುದಿಲ್ಲ. ಮೊನಚು ತುದಿಯ ಕಬ್ಬಿಣದ ಕೊಳವೆಯನ್ನು ಗೋಣಿಗೆ ಚುಚ್ಚಿ, ಜಾರಿ ಬಂದ ಕಾಳನ್ನು ಅಂಗೈ ಮೇಲೆ ಹರಡಿ, ನುಚ್ಚೆಷ್ಟು ಕಲ್ಲೆಷ್ಟು ನೋಡಿ, ಎರಡು ಕಾಳು ಹಲ್ಲಿಗೆ ಕೊಟ್ಟು ದರ ಹೇಳಿಬಿಡುತ್ತಾನೆ. ವಿದೇಶಿ ವರದಿಗಾರನ ವಿದ್ಯೆಯೂ ಹೆಚ್ಚುಕಡಿಮೆ ಇದೇ. ಗೊತ್ತಿಲ್ಲದ ದೇಶದಲ್ಲಿ ಇಳಿದವನಿಗೆ ಇಡೀ ಸಮಾಜವನ್ನು ಬಿಚ್ಚಿ ನೋಡುವಷ್ಟು ವ್ಯವಧಾನವಿಲ್ಲ. ಒಬ್ಬ ಮುಂದಾಳುವನ್ನು ಹಿಡಿದು ದೇಶದ ಗುಣ ಹೇಳಬೇಕು. 1973ರ ‘ಲೀ ಕುವಾನ್ ಯೂಸ್ ಸಿಂಗಪುರ್’ ಈ ವಿದ್ಯೆಯ ಒಳ್ಳೆಯ ಮಾದರಿ. ಶಿಸ್ತು, ಏಳಿಗೆಗಳಿಗೆ ಜಗತ್ತು ತಲೆದೂಗುತ್ತಿದ್ದ ಕಾಲದಲ್ಲಿ, ಅದಕ್ಕೆ ಜನ ತೆತ್ತ ಬೆಲೆ ಏನು ಎಂದು ಕೇಳಿದ ಪುಸ್ತಕವದು. ಒಬ್ಬನೇ ನಾಯಕ ಊರಿನ ಅಂಗುಲ ಅಂಗುಲವನ್ನೂ ತನ್ನ ಇಷ್ಟದಂತೆ ತಿದ್ದಿದ ಕಡೆ ನಾಯಕನನ್ನು ಓದಿದರೆ ಊರನ್ನೇ ಓದಿದಂತೆ. ಮೂಟೆಯಲ್ಲಿರುವುದು ಒಂದೇ ತಳಿಯ ಅಕ್ಕಿಯಾದರೆ ಒಂದು ಹಿಡಿ ಸಾಕು.

ಹೊರಗಿನವರಾಗಿದ್ದುದರ ಲಾಭ ಎದ್ದು ಕಾಣುವುದು 2004ರ ಎಂ.ಎಸ್. ಸುಬ್ಬುಲಕ್ಷ್ಮಿ ಜೀವನಚರಿತ್ರೆಯಲ್ಲಿ. ಎಂ.ಎಸ್. ಎಂದರೆ ಕೈಮುಗಿಯುವುದನ್ನಷ್ಟೇ ಕಲಿತ ಸಂಗೀತಲೋಕ ಆಕೆಯ ಬಾಲ್ಯವನ್ನು, ತಾಯಿ ಷಣ್ಮುಖವಡಿವು ಅವರ ದೇವದಾಸಿ ಹಿನ್ನೆಲೆಯನ್ನು ಮೆಲ್ಲನೆ ಬದಿಗೆ ಸರಿಸಿತ್ತು. ಜಾರ್ಜ್ ಅದನ್ನು ಮತ್ತೆ ಮುಂದಕ್ಕೆ ತಂದರು. ಮಧುರೆಯ ಹುಡುಗಿಯೊಬ್ಬಳು ಮೈಲಾಪುರದ ಗೃಹಿಣಿಯ ಆದರ್ಶವಾಗುವ ಹೊತ್ತಿಗೆ ಏನೇನು ಬಿಟ್ಟುಕೊಡಬೇಕಾಯಿತು, ಅದರಲ್ಲಿ ಪತಿ ಸದಾಶಿವಂ ಅವರ ಪಾಲೆಷ್ಟು ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ‘ಶಕುಂತಲೈ’ ಚಿತ್ರದಲ್ಲಿ ಜೊತೆಗೆ ನಟಿಸಿದ ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರಿಗೆ ಆಕೆ ಬರೆದ ಪ್ರೇಮಪತ್ರಗಳನ್ನೂ ಓದುಗರ ಮುಂದಿಟ್ಟರು. ಗದ್ದಲವಾಯಿತು. ರಸಿಕರಿಗೆ ಬೇಕಾದದ್ದು ಹಾಡು, ಹಾಡುವವರ ಮನೆಯ ಮಾತೇಕೆ ಎಂಬ ಆಕ್ಷೇಪದಲ್ಲಿ ತೂಕವಿಲ್ಲವೆಂದಲ್ಲ. ಆದರೆ ಸಂತಪಟ್ಟದ ಹಿಂದೆ ಹಂಬಲವಿದ್ದ, ಹಟವಿದ್ದ, ನೊಂದ ಒಬ್ಬ ಹೆಂಗಸು ಇದ್ದಳು ಎಂದು ತಿಳಿದ ಮೇಲೆ ಆ ಹಾಡುಗಾರಿಕೆಯ ಎತ್ತರ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಸಂಗೀತದ ಸೂಕ್ಷ್ಮಗಳಲ್ಲಿ ಜಾರ್ಜ್ ಅವರಿಗಿಂತ ಬಲ್ಲವರು ಬಹಳ ಮಂದಿ ಇದ್ದರು. ಅವರು ಬರೆಯಲಿಲ್ಲ, ಇವರು ಬರೆದರು. ಸಭೆಯ ಮುಲಾಜಿಲ್ಲದವನಿಗೆ ಮಾತ್ರ ಸಾಧ್ಯವಿದ್ದ ಕೆಲಸ ಅದು. ಚಿತ್ರನಟಿ ನರ್ಗಿಸ್ ಬಗೆಗಿನ 1994ರ ಪುಸ್ತಕದಲ್ಲೂ ಇದೇ ನಿಷ್ಠುರತೆ ಇದೆ, ಅಷ್ಟು ಆಳವಿಲ್ಲ.

ಇನ್ನು ಬೆಂಗಳೂರು. 2016ರಲ್ಲಿ ಬಂದ ‘ಆಸ್ಕ್ಯೂ’ ಎಂಬ ಇಂಗ್ಲಿಷ್ ಪುಸ್ತಕವನ್ನು ಜಾರ್ಜ್ ಈ ಊರಿನ ಕಿರು ಜೀವನಚರಿತ್ರೆ ಎಂದೇ ಕರೆದರು. ಐಟಿ ಬಂದು ಊರು ಒಂದೇ ಕಡೆಗೆ ವಾಲಿದ ಬಗೆಯನ್ನು ಅವರು ಚುರುಕಾಗಿ, ಕೆಲವೆಡೆ ಸಿಟ್ಟಿನಿಂದ ಹೇಳುತ್ತಾರೆ. ಉದ್ಯಮಿಗಳ, ಹೆಸರಾಂತರ ಚಿತ್ರಗಳನ್ನು ಬಿಡಿಸುವಾಗಲಂತೂ ಅವರ ಕೈ ಪಳಗಿದ್ದು. ಆದರೆ ಹಿಡಿ ಅಕ್ಕಿಯ ಲೆಕ್ಕ ಇಲ್ಲಿ ಕೈಕೊಡುತ್ತದೆ. ಕೆಂಪೇಗೌಡರ 1537ರ ಪೇಟೆ ಬೆಳೆದದ್ದು ಕಸುಬಿನಿಂದ ಕಸುಬಿಗೆ, ಬೀದಿಯಿಂದ ಬೀದಿಗೆ. ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ — ಇವುಗಳಿಗೆ ನಾಯಕರಿಲ್ಲ. ಇವುಗಳ ಚರಿತ್ರೆ ಇರುವುದು ಸಾಲದ ಲೆಕ್ಕದಲ್ಲಿ, ಗುಡಿಯ ಉತ್ಸವದ ಸರದಿಯಲ್ಲಿ, ಹಮಾಲರ ಕೂಲಿಯ ಜಗ್ಗಾಟದಲ್ಲಿ, ಕನ್ನಡ, ತೆಲುಗು, ತಮಿಳು, ಉರ್ದು, ಮಾರ್ವಾಡಿ ಬೆರೆತ ವ್ಯಾಪಾರದ ಮಾತಿನಲ್ಲಿ. ಧಾನ್ಯದ ಸಗಟು ವಹಿವಾಟು ಬಹುಪಾಲು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋದಾಗ ಪೇಟೆಯ ಬದುಕು ಬದಲಾಯಿತು. ಅದನ್ನು ಬದಲಿಸಿದವರು ಇಂಥವರೇ ಎಂದು ಒಬ್ಬರ ಹೆಸರು ಹೇಳಲಾಗದು. ಹೆಸರು ಹೇಳಲಾಗದ ಬದಲಾವಣೆಯನ್ನು ಜೀವನಚರಿತ್ರೆಯ ಚೌಕಟ್ಟು ಹಿಡಿದಿಡಲಾರದು. ಬೇರೆ ಬೇರೆ ಮೂಟೆಗಳಲ್ಲಿ ಬೇರೆ ಬೇರೆ ಅಕ್ಕಿ ಇರುವ ಊರಿದು.

ಚಿಕ್ಕ ಪುಸ್ತಕದಿಂದ ಇಷ್ಟೆಲ್ಲ ಬಯಸುವುದು ನ್ಯಾಯವೇ ಎಂದು ಕೇಳಬಹುದು. ಬಯಸಲು ಜಾರ್ಜ್ ಅವರೇ ಕಾರಣ ಕೊಟ್ಟಿದ್ದಾರೆ. 1980ರಲ್ಲಿ ಅವರು ಬರೆದ ‘ರಿವೋಲ್ಟ್ ಇನ್ ಮಿಂಡನಾವೊ’ ಫಿಲಿಪ್ಪೀನ್ಸ್‌ನ ಮುಸ್ಲಿಮರ ಬಂಡಾಯದ ಕಥೆ. ಅಲ್ಲಿ ಕೇಂದ್ರದಲ್ಲಿರುವುದು ಒಬ್ಬ ನಾಯಕನಲ್ಲ, ಒಂದು ಜನಸಮುದಾಯ, ಅದರ ನೆಲ, ಅದರ ಹಳೆಯ ನೋವು. ಅಂದರೆ ನಾಯಕನಿಲ್ಲದ ಚರಿತ್ರೆ ಬರೆಯುವುದು ಅವರಿಗೆ ಬರುತ್ತಿತ್ತು. ಸಾವಿರಾರು ಮೈಲಿ ದೂರದ ದ್ವೀಪಕ್ಕೆ ಕೊಟ್ಟ ಆ ತಾಳ್ಮೆಯನ್ನು ಮೂರೂವರೆ ದಶಕ ಬಾಳಿದ ಊರಿಗೆ ಅವರು ಕೊಡಲಿಲ್ಲ. ಪರದೇಶದಲ್ಲಿ ವರದಿಗಾರ ತನಗೆ ಗೊತ್ತಿಲ್ಲವೆಂದು ಕೇಳುತ್ತಾ ಹೋಗುತ್ತಾನೆ, ಇರುವ ಊರಿನಲ್ಲಿ ಗೊತ್ತಿದೆಯೆಂದು ಹೇಳುತ್ತಾ ಹೋಗುತ್ತಾನೆ. ಇದು ಜಾರ್ಜ್ ಒಬ್ಬರ ಸಮಸ್ಯೆಯೂ ಅಲ್ಲ. ಬೆಂಗಳೂರಿನ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಪುಸ್ತಕಗಳಲ್ಲಿ ದಂಡು ಪ್ರದೇಶಕ್ಕೂ ಟೆಕ್ ಪಾರ್ಕಿಗೂ ಸಿಗುವ ಜಾಗ ಪೇಟೆಗೆ ಸಿಗುವುದು ಅಪರೂಪ.

ನೆನಪಿನ ಪುಸ್ತಕದ ವಿಷಯ ಇದಕ್ಕಿಂತ ಸೂಕ್ಷ್ಮ. ಮಲಯಾಳಂನಲ್ಲಿ ಬರೆದ ‘ಘೋಷಯಾತ್ರ’ದ ಮುನ್ನೆಲೆಯಲ್ಲಿರುವುದು ಜಾರ್ಜ್ ಅಲ್ಲ, ಅವರು ಕಂಡ ಊರುಗಳು, ಒಡನಾಡಿದ ಜನ. ಇದು ವಿನಯ, ಇದನ್ನು ದೋಷವೆನ್ನಬಾರದು ಎನ್ನುವವರು ಡಿ.ವಿ.ಜಿ.ಯವರತ್ತ ಬೊಟ್ಟು ಮಾಡಬಹುದು. 1913ರಲ್ಲಿ ‘ಕರ್ಣಾಟಕ’ ಪತ್ರಿಕೆ ಹೊರಡಿಸಿದ ಆ ಪತ್ರಕರ್ತರೂ ಆತ್ಮಕಥೆ ಬರೆಯಲಿಲ್ಲ, ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಬೇರೆಯವರ ಚಿತ್ರಗಳನ್ನೇ ಬಿಡಿಸಿದರು. ಹೋಲಿಕೆ ಸರಿಯೇ, ಆದರೆ ಅದು ಜಾರ್ಜ್ ಅವರ ನೆರವಿಗೆ ಬರುವುದಿಲ್ಲ. ಆ ಎಂಟರಲ್ಲಿ ದಿವಾನರಿಗೆ ಸಿಕ್ಕಿದ್ದು ಒಂದು ಸಂಪುಟ. ಮಿಕ್ಕವುಗಳಲ್ಲಿ ವೈದಿಕರು, ಕಲಾವಿದರು, ಅಧಿಕಾರವಿಲ್ಲದ ಹೃದಯವಂತರು ಇದ್ದಾರೆ. ಬಸವನಗುಡಿಯ ಆ ಲೇಖಕ ಪಾಠ ಹೇಳಿಸಿಕೊಂಡವನಾಗಿ, ನಕ್ಕವನಾಗಿ, ಜಗಳವಾಡಿದವನಾಗಿ ಆ ಜನರ ನಡುವೆಯೇ ಕೂತಿರುತ್ತಾರೆ. ಮೈಸೂರು ಸಂಸ್ಥಾನದ ಮೇಲ್ವರ್ಗದ ಲೋಕವನ್ನೇ ಅವರು ಹೆಚ್ಚಾಗಿ ಕಂಡರೆಂಬ ಟೀಕೆ ಬೇರೆ, ಅದು ಒಪ್ಪತಕ್ಕದ್ದೇ. ಜಾರ್ಜ್ ಮಾತ್ರ ನೋಟ್‌ಬುಕ್ ಹಿಡಿದು ಬಾಗಿಲ ಬಳಿ ನಿಂತೇ ಇರುತ್ತಾರೆ. ಕೇರಳದಿಂದ ಹೊರಟು ಊರೂರು ತಿರುಗಿ ಬೆಂಗಳೂರಿಗೆ ಬಂದು ನೆಲೆಸಿದ ಸಂಪಾದಕ ಪೋತನ್ ಜೋಸೆಫರ ಬಗ್ಗೆ ಬರೆದ ಜೀವನಚರಿತ್ರೆಯಲ್ಲಿ ಜಾರ್ಜ್ ತಮ್ಮ ಬಗ್ಗೆ ಹೇಳಿಕೊಂಡಿರುವಷ್ಟು ಬೇರೆಲ್ಲೂ ಹೇಳಿಕೊಂಡಿಲ್ಲವೆಂದು ನನಗನಿಸುತ್ತದೆ.

ಮನೆಯ ಮಾತು ಮನೆಯಲ್ಲೇ ಇರಲಿ ಎನ್ನುವ ಹಕ್ಕು ಯಾರಿಗೂ ಇದೆ. ಎಂ.ಎಸ್. ಅವರ ಕಾಗದಗಳನ್ನು ಅಚ್ಚು ಹಾಕಿದ ಲೇಖಕರಿಗೆ ಮಾತ್ರ ಆ ಹಕ್ಕು ಕೊಂಚ ಸವೆದಿರುತ್ತದೆ. ಬೇರೆಯವರ ಬಾಳಿಗೆ ಹಿಡಿದ ದೀಪವನ್ನು ತನ್ನ ಕಡೆ ತಿರುಗಿಸದವನ ನಿಷ್ಠುರತೆ ಪೂರ್ತಿ ನಿಷ್ಠುರತೆಯಲ್ಲ. ತಂದೆ ಖಾಲಿ ಬಿಟ್ಟ ಈ ಪುಟಗಳನ್ನು ಮಗ, ಕವಿ-ಕಾದಂಬರಿಕಾರ ಜೀತ್ ತಯ್ಯಿಲ್, 2025ರಲ್ಲಿ ‘ದಿ ಎಲ್ಸ್‌ವೇರಿಯನ್ಸ್’ ಎಂಬ ದಾಖಲೆ-ಕಾದಂಬರಿಯಲ್ಲಿ ತುಂಬಿಸಿದರು. ಅಲೆಯುವ ಕೆಲಸದ ಗಂಡನ ಜೊತೆ ದೇಶದಿಂದ ದೇಶಕ್ಕೆ ಮನೆ ಹೊತ್ತು ನಡೆದ ತಾಯಿ ಅದರಲ್ಲಿ ಪಾತ್ರವಾಗಿದ್ದಾರೆ. ವರದಿಗಾರನ ಬದುಕಿಗೆ ಮನೆಯವರು ಏನು ತೆತ್ತರು ಎಂಬುದು ತಂದೆಯ ಯಾವ ಪುಸ್ತಕದಲ್ಲೂ ಮುಖ್ಯ ಪ್ರಶ್ನೆಯಾಗಿರಲಿಲ್ಲ.

ಜಾರ್ಜ್ ಅವರನ್ನು ಈಗ ಓದಲು ಹೊರಡುವವರು ಎಂ.ಎಸ್. ಜೀವನಚರಿತ್ರೆಯಿಂದ ಶುರುಮಾಡಲಿ, ಲೀ ಕುವಾನ್ ಯೂ ಪುಸ್ತಕವನ್ನು ಇವತ್ತಿನ ನಾಯಕರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಲಿ. ‘ಆಸ್ಕ್ಯೂ’ ಓದಿದವರು ಜೊತೆಗೆ ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನಾದರೂ ಓದಲಿ. ಪೇಟೆಯ ಬೀದಿಗಳ ಪುಸ್ತಕ ಇವೆರಡೂ ಅಲ್ಲ. ಅದನ್ನು ಇಲ್ಲಿನ ಕನ್ನಡದಲ್ಲಿ ಬರೆಯುವವರು ಬೇರೆಯೇ ಬೇಕು.