ಬೂದಿಯಿಲ್ಲದ ಅಗ್ಗಿಷ್ಟಿಕೆ

ಮುಂಬೈಯಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.4 ಡಿಗ್ರಿ. ಅದೂ 1962ರ ಜನವರಿಯಲ್ಲಿ, ಒಂದು ರಾತ್ರಿಯ ಮಟ್ಟಿಗೆ. ಆದರೂ ಇಲ್ಲಿನ ಕೆಲವು ಸಿರಿವಂತರ ಹಾಲ್‌ನಲ್ಲಿ ಅಗ್ಗಿಷ್ಟಿಕೆ ಇರುತ್ತದೆ. ಚಿಮಣಿ ಇಲ್ಲ, ಸೌದೆ ಇಲ್ಲ. ಹಳೆಯ ವಿಲಾಯತಿ ಎರಕದ ಕಬ್ಬಿಣ, ಅದರೊಳಗೆ ಎಲ್‌ಇಡಿ ಜ್ವಾಲೆ, ನೆತ್ತಿಯ ಮೇಲೆ ಎಸಿ.

ನಗುವುದು ಸುಲಭ. ಉರಿಸದ ಹಿತ್ತಾಳೆ ದೀಪವನ್ನು ನಾವೂ ಶೋಕೇಸಿನಲ್ಲಿ ಇಡುತ್ತೇವಲ್ಲ! ನನ್ನ ತಕರಾರು ಬೆಂಕಿ ಇಲ್ಲವೆಂದಲ್ಲ, ಬೆಂಕಿಯ ಗುರುತನ್ನೂ ಅಳಿಸುತ್ತಾರೆ ಎಂದು.

ಈ ಸಾಮಾನುಗಳಲ್ಲಿ ಒಂದೊಂದಕ್ಕೂ ಕೆಲಸವಿತ್ತು. ಹಿಂಬದಿಯ ದಪ್ಪ ಹಲಗೆ ಗೋಡೆಯ ಇಟ್ಟಿಗೆಯನ್ನು ಕಾಯುತ್ತಿತ್ತು, ಕಾದು ಶಾಖವನ್ನು ಕೋಣೆಗೆ ಮರಳಿಸುತ್ತಿತ್ತು. ಜೋಡಿ ಕಾಲುಗಳು ಸೌದೆಯನ್ನು ನೆಲದಿಂದ ಎತ್ತಿ ಹಿಡಿದು ಅಡಿಯಿಂದ ಗಾಳಿ ಆಡಿಸುತ್ತಿದ್ದವು. ಮುಂದಿನ ಕುಳ್ಳು ಕಟಕಟೆ ಕೆಂಡ ಉರುಳಿ ಜಮಖಾನೆಗೆ ತಾಗದಂತೆ ತಡೆಯುತ್ತಿತ್ತು. ಹೂಬಳ್ಳಿ, ಸಿಂಹಮುಖಗಳೆಲ್ಲ ಈ ಕೆಲಸದ ಮೈಮೇಲೆ ಬಂದವು. ನಮ್ಮ ಬಚ್ಚಲೊಲೆಯ ಪಕ್ಕದ ಊದುಗೊಳವೆಯನ್ನು ನೆನೆಯಿರಿ; ಮಸಿ ಹಿಡಿದ ತುದಿಯೇ ಅದರ ಚರಿತ್ರೆ. ಇಲ್ಲಿ ಮರಳು ಸಿಡಿಸಿ ಮಸಿ ತೆಗೆದು, ಕರಿ ಬಣ್ಣ ಹೊಡೆಯುತ್ತಾರೆ. ಎರಕದ ಚೂಪು ಅಂಚು ಮೊಂಡಾಗುತ್ತದೆ, ಎಲೆಯ ನರ ಮುಚ್ಚಿಹೋಗುತ್ತದೆ. ಆಮೇಲೆ ಹಿಂಬದಿಯ ಹಲಗೆಯನ್ನು ಚಿತ್ರದ ಹಾಗೆ ಗೋಡೆಗೆ ನೇತುಹಾಕುತ್ತಾರೆ. ನೆಲಮಟ್ಟದಲ್ಲಿ, ಅಲುಗುವ ಬೆಳಕಿನಲ್ಲಿ ಕಾಣಲೆಂದು ಮಾಡಿದ ಉಬ್ಬುಚಿತ್ರ ಸ್ಪಾಟ್‌ಲೈಟಿನಲ್ಲಿ ಚಪ್ಪಟೆ. (ನಮ್ಮ ಐಟಿ ಭಾಷೆಯಲ್ಲಿ, ಬ್ಯಾಕೆಂಡ್ ಕಿತ್ತೆಸೆದು ಲಾಗಿನ್ ಪುಟ ಮಾತ್ರ ಉಳಿಸಿಕೊಂಡ ಹಾಗೆ.)

ವಿಲಾಯತಿ ಕಬ್ಬಿಣ ನಮಗೆ ಪರಕೀಯವೇನಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣವೂ ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳೂ ಗ್ಲಾಸ್ಗೋದಿಂದ ಬಂದವು. ಅವು ಚೆಂದ ಕಾಣುವುದು ಇಂದಿಗೂ ಚಾವಣಿ ಹೊತ್ತಿರುವುದರಿಂದ.

ಮುಂಬೈಯಲ್ಲೂ ಅಂಥದ್ದಿದೆ, ಕಾಲಾ ಘೋಡಾದ ವಾಟ್ಸನ್ಸ್ ಹೋಟೆಲ್, ಈಗಿನ ಎಸ್‌ಪ್ಲನೇಡ್ ಮ್ಯಾನ್ಷನ್. ರೋಲೆಂಡ್ ಮೇಸನ್ ಆರ್ಡಿಶ್ ವಿನ್ಯಾಸಕ್ಕೆ ಇಂಗ್ಲೆಂಡಿನಲ್ಲಿ ತಯಾರಾದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ಜೋಡಿಸಿದ ಕಟ್ಟಡ. 1896ರಲ್ಲಿ ಲೂಮಿಯೇರ್ ಸೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲು ತೆರೆಕಂಡದ್ದು ಇಲ್ಲೇ. 2005ರಲ್ಲಿ ಅದರ ಒಂದು ಭಾಗ ಕುಸಿಯಿತು. 2019ರಲ್ಲಿ ಕೆಡವಿ ಎಂಬ ಸಲಹೆಯೂ ಬಂತು. ಊರಿನ ಅತಿ ದೊಡ್ಡ ಕಬ್ಬಿಣದ ಪುರಾತನ ವಸ್ತು ಇದು; ಹಾಲ್‌ಗೆ ಒಯ್ಯಲು ಬರುವುದಿಲ್ಲ, ಅಷ್ಟೆ.

ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವವರಿಗೆ ಒಂದು ಮಾತು: ಮಸಿ ಮೆತ್ತಿದ್ದನ್ನು ಮಸಿಯೊಡನೆಯೇ ಕೇಳಿ ತನ್ನಿ. ಸಮುದ್ರದ ಗಾಳಿಗೆ ತುಕ್ಕು ಹತ್ತದಂತೆ ತೆಳ್ಳಗೆ ಮೇಣ ಸವರಿ, ನೆಲದ ಮೇಲೇ ಇಡಿ.