ಪಾಸ್ತರನ ರೇಷ್ಮೆಹುಳು ಗ್ರಂಥ: ಒಂದು ವಿಮರ್ಶೆ

ರೇಷ್ಮೆಹುಳುವಿನ ವ್ಯಾಧಿಗಳನ್ನು ಕುರಿತು ಲೂಯಿ ಪಾಸ್ತರನು 1870ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥವನ್ನು ನಮ್ಮ ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ: ಆತನು ರೋಗಾಣುವನ್ನು ಕಂಡುಹಿಡಿದು ಫ್ರಾನ್ಸಿನ ರೇಷ್ಮೆಯನ್ನು ಉಳಿಸಿದನು. ಇದರ ಉತ್ತರಾರ್ಧ ಅತಿಶಯೋಕ್ತಿ, ಏಕೆಂದರೆ ಅಲ್ಲಿಯ ಗೂಡಿನ ಉತ್ಪತ್ತಿಯು ಹಿಂದಿನ ಮಟ್ಟವನ್ನು ಮತ್ತೆ ಮುಟ್ಟಲೇ ಇಲ್ಲ. ಪೂರ್ವಾರ್ಧವಂತೂ ನಿಜವಲ್ಲ.

ಫ್ರಾನ್ಸಿನಲ್ಲಿ 1853ರಲ್ಲಿ 2 ಕೋಟಿ 60 ಲಕ್ಷ ಕಿಲೋಗ್ರಾಂ ಇದ್ದ ಗೂಡು 1865ರ ವೇಳೆಗೆ 40 ಲಕ್ಷಕ್ಕೆ ಇಳಿದಿತ್ತು. ಗುರುವಾದ ದ್ಯೂಮನ ಒತ್ತಾಯಕ್ಕೆ ಕಟ್ಟುಬಿದ್ದು ಪಾಸ್ತರನು ಆಲೇಸಿಗೆ ಹೊರಟಾಗ ರೋಗದ ಕಣಗಳು ವಿದ್ವಾಂಸರಿಗೆ ಹೊಸವಾಗಿರಲಿಲ್ಲ. ನೇಗೆಲಿಯು 1857ರಲ್ಲಿಯೇ ಅವಕ್ಕೆ ನೊಸೀಮ ಬಾಂಬಿಸಿಸ್ ಎಂದು ಹೆಸರಿಟ್ಟಿದ್ದನು. ಇಟಲಿಯ ಓಸಿಮೋ ಅವನ್ನು ಮೊಟ್ಟೆಯೊಳಗೇ ಕಂಡಿದ್ದನು. ವಿತ್ತಾದೀನಿಯು 1859ರಲ್ಲಿ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಬೇಕೆಂದು ಸೂಚಿಸಿದ್ದನು. ಪಾಸ್ತರನಾದರೋ 1865ರಲ್ಲಿ ಆ ಕಣಗಳು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲವೆಂದನು. ಅವು ಪರೋಪಜೀವಿಗಳೆಂದು ಬೆಷಾಂಪನು 1866ರಲ್ಲಿ ಹೇಳಿದ ಮಾತನ್ನು ಪಾಸ್ತರನು ಒಪ್ಪಿದ್ದು ಮರುವರ್ಷ. ಬೆಷಾಂಪನ ವಿಷಯದಲ್ಲಿ ಆತನು ಎಂದೂ ಉದಾರಿಯಾಗಲಿಲ್ಲ.

ಹಾಗಾದರೆ ಗ್ರಂಥದ ಹಿರಿಮೆ ಯಾವುದರಲ್ಲಿ? ನನ್ನ ಅಭಿಪ್ರಾಯದಲ್ಲಿ, ತಾಯಿಯ ಕಡೆಗೆ ದೃಷ್ಟಿ ತಿರುಗಿಸಿದುದರಲ್ಲಿ. ನಾಲ್ಕನೆಯ ಜ್ವರ ಕಳೆದ ಮೇಲೆ ಸೋಂಕು ತಗುಲಿದ ಹುಳುವು ಒಳ್ಳೆಯ ಗೂಡನ್ನೇ ಕಟ್ಟಬಲ್ಲದು. ಅದರಿಂದ ಹೊರಬಂದ ಚಿಟ್ಟೆಯ ಅಂಡಾಶಯದಲ್ಲಿ ಪರೋಪಜೀವಿಯು ಬೆಳೆಯುತ್ತಿರುವ ಮೊಟ್ಟೆಯನ್ನು ಹೊಕ್ಕು ಮರಿಯೊಡನೆಯೇ ಹುಟ್ಟುತ್ತದೆ. ಗೂಡನ್ನು ನೋಡಿ ಬಿತ್ತನೆ ಆರಿಸುತ್ತಿದ್ದ ಸಾಕಣೆಗಾರನು ಮೋಸಹೋದದ್ದು ಇಲ್ಲಿಯೇ. ಪಾಸ್ತರನು ಒಂದೊಂದು ಚಿಟ್ಟೆಯನ್ನೂ ಬೇರೆಬೇರೆ ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಿಸಿ, ಆಮೇಲೆ ತಾಯಿಯನ್ನು ನೀರಿನಲ್ಲಿ ಅರೆದು ಪರೀಕ್ಷಿಸಿ, ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಡಿಸಿದನು. ರೋಗಪೀಡಿತ ತಾಯಿಯ ಎಲ್ಲ ಮೊಟ್ಟೆಗಳಲ್ಲಿಯೂ ಸೋಂಕು ಇರಲೇಬೇಕೆಂದಿಲ್ಲ. ಆದುದರಿಂದ ಕೆಲವು ಮೊಟ್ಟೆಗಳ ಪರೀಕ್ಷೆಗಿಂತ ತಾಯಿಯ ಪರೀಕ್ಷೆಯೇ ನಂಬತಕ್ಕದ್ದು. ಕಣಗಳ ಸ್ವರೂಪವನ್ನು ತಪ್ಪಾಗಿ ತಿಳಿದಿದ್ದಾಗಲೂ ಈ ವಿಧಾನ ಫಲ ಕೊಡುತ್ತಿತ್ತೆಂಬುದು ಗಮನಾರ್ಹ. ಸಿದ್ಧಾಂತದಿಂದಲೇ ವಿಧಾನ ಹುಟ್ಟಿತೆಂದು ಬೋಧಿಸುವ ನಾವು ಇದನ್ನು ಮರೆಯುತ್ತೇವೆ.

ನಮ್ಮ ಕರ್ಣಾಟಕದ ಬಿತ್ತನೆ ಕೋಠಿಗಳಲ್ಲಿ ಗಂಟುರೋಗಕ್ಕಾಗಿ ತಾಯಿಚಿಟ್ಟೆಯನ್ನು ಇಂದಿಗೂ ಹೀಗೆಯೇ ಅರೆದು ನೋಡುತ್ತಾರೆ. ಇದೇ ಬಗೆಯ ಇನ್ನೊಂದು ಜೀವಿ, ನೊಸೀಮ ಪೈರಾಸ್ಟ, ಜೋಳದ ದಂಟು ಕೊರೆಯುವ ಯೂರೋಪಿನ ಹುಳುವಿನಲ್ಲಿ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಅಲ್ಲಿ ಅದು ರೈತನಿಗೆ ನೆರವು.

ಇತಿಹಾಸದ ವಿದ್ಯಾರ್ಥಿಯು ಮೊದಲು ತೆರೆಯಬೇಕಾದುದು ಎರಡನೆಯ ಸಂಪುಟವನ್ನು. ಟಿಪ್ಪಣಿಗಳೂ ದಾಖಲೆಗಳೂ ಇರುವುದು ಅಲ್ಲಿ.