‘ನಿಮ್ಮವರೇ ಮಾಡಿಸ್ಯಾರ’

ದತ್ತಕ್ಷೇತ್ರ ಗಾಣಗಾಪುರಕ್ಕೆ ಹೋಗಿಬಂದವರು ಅಲ್ಲಿ ಹೊತ್ತಿಗೆ ತೆಗೆದು ಹೇಳುವವರನ್ನು ಹೊಗಳುವುದು ಒಂದೇ ಮಾತಿನಲ್ಲಿ: ‘ನಾವೇನೂ ಹೇಳಿರಲಿಲ್ಲ, ಹೆಸರು ಹಿಡಿದು ಹೇಳಿಬಿಟ್ಟ.’ ಈ ಖ್ಯಾತಿ ಅವರಿಗೆ ಸಲ್ಲದು. ಅವರು ಹೆಸರು ಹಿಡಿದು ಹೇಳುವುದಿಲ್ಲ. ಕೇಳಲು ಹೋದವರೇ ಹೇಳಿಬಂದಿರುತ್ತಾರೆ.

ಸೋದರತ್ತೆ ಮಗಳನ್ನು ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಹುಡುಗಿ ತಿಂಗಳುಗಟ್ಟಲೆ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಸಂಗಮದ ಹಾದಿಯಲ್ಲಿ ಹೊತ್ತಿಗೆ ಬಿಚ್ಚಿ ಕೂತವನೊಬ್ಬ ಅವಳ ಮುಖವನ್ನೊಮ್ಮೆ, ಅತ್ತೆಯ ಮುಖವನ್ನೊಮ್ಮೆ ನೋಡಿ, ‘ಹೊರಗಿನವ್ರಲ್ಲವ್ವ, ನಿಮ್ಮವರೇ ಮಾಡಿಸ್ಯಾರ’ ಅಂದ. ಅತ್ತೆಯ ಕಣ್ಣಲ್ಲಿ ನೀರು ಬಂತು. ‘ಬಾಯಿಲೆ ಭಾಳ ಸವಿ, ಒಳಗ ಬ್ಯಾರೆ’ ಎಂದು ಸೇರಿಸಿದ. ಆಮೇಲೆ ಹೆಸರಿನ ಅಕ್ಷರಕ್ಕೆ ಕೈಹಾಕಿದ. ‘ಸ’ ಅಂದ, ಅತ್ತೆ ಸುಮ್ಮನಿದ್ದಳು. ‘ಶ’ ಅಂದ, ಸುಮ್ಮನಿದ್ದಳು. ‘ಮ’ ಎನ್ನುವಷ್ಟರಲ್ಲಿ ಅತ್ತೆಯೇ ತನ್ನ ನೆಗೆಣ್ಣಿಯ ಹೆಸರು ಹೇಳಿ, ‘ಅಕೀನೇ ಏನ್ರಿ?’ ಎಂದು ಕೇಳಿದಳು. ಅವನು ಹೂಂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕಣ್ಣು ಮುಚ್ಚಿ ತಲೆ ಆಡಿಸಿದ. ಮನೆ ಮುಟ್ಟುವ ಹೊತ್ತಿಗೆ ಅತ್ತೆ ಹೇಳುತ್ತಿದ್ದದ್ದು: ‘ಹೆಸರು ಹಿಡಿದೇ ಹೇಳಿದ.’

ಆ ಮೊದಲ ವಾಕ್ಯವನ್ನು ನಾನು ವರ್ಷಗಟ್ಟಲೆ ತಿರುಗಿಸಿ ನೋಡಿದ್ದೇನೆ. ‘ನಿಮ್ಮವರು’: ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಒಬ್ಬರೋ ನಾಲ್ವರೋ ಗೊತ್ತಾಗುವುದಿಲ್ಲ. ಹೊಲದ ಬದುವಿನ ಜಗಳವಿರುವ ಭಾವನೂ ಅದರಲ್ಲಿ ಹಿಡಿಸುತ್ತಾನೆ, ಸೊಸೆಯೂ ಹಿಡಿಸುತ್ತಾಳೆ. ಆಮೇಲಿನ ‘ಏ’ಕಾರ ಪರಕೀಯರನ್ನೆಲ್ಲ ಹೊರಗಿಟ್ಟು ಬಾಗಿಲು ಹಾಕುತ್ತದೆ. ‘ಮಾಡ್ಯಾರ’ ಎಂದಿದ್ದರೆ ಆ ನೆಗೆಣ್ಣಿಗೆ ಮಾಟ ಎಲ್ಲಿ ಬರುತ್ತದೆ ಎಂದು ಯಾರಾದರೂ ಕೇಳಬಹುದಿತ್ತು. ‘ಮಾಡಿಸ್ಯಾರ’ ಎಂದಾಗ ಆ ಪ್ರಶ್ನೆಯೇ ಏಳುವುದಿಲ್ಲ. ಮಾಡಿದವನು ಎಲ್ಲೋ ಇದ್ದಾನೆ, ಅವಳು ದುಡ್ಡು ಕೊಟ್ಟರೆ ಸಾಕು. ಇನ್ನು ಕೆಲಸವೋ, ಆಗಲೇ ಮುಗಿದಿದೆ. ನಾಳೆ ಆಗುವುದನ್ನು ಹೇಳಿದವನ ಮಾತು ಸುಳ್ಳಾಗಬಹುದು. ಆಗಿಹೋದದ್ದನ್ನು ಹೇಳಿದವನನ್ನು ಯಾರು ಹಿಡಿಯುತ್ತಾರೆ? ಭಾನಾಮತಿ ಎಂಬ ಮಾಟದ ಭಯ ಅಜ್ಜಿಯರ ಕಾಲದಿಂದ ಬೇರೂರಿರುವ ಕಲಬುರಗಿ–ಬೀದರ ಸೀಮೆಯಲ್ಲಿ ಇಷ್ಟು ಬೀಜ ಸಾಕು.

ಇಲ್ಲಿ ನನಗೆ ವಿಚಾರವಾದಿ ಗೆಳೆಯರೊಂದಿಗೆ ಜಗಳವಿದೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಕಟ್ಟಿದರು. ಆ ಧೈರ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಅವರ ದಾರಿ ಹಿಡಿದವರೆನ್ನುವ ಹಲವರು ಗಾಣಗಾಪುರಕ್ಕೆ ಬಂದರೆ ಕ್ಯಾಮೆರಾ ತಿರುಗುವುದು ಮಧ್ಯಾಹ್ನದ ಮಹಾಮಂಗಳಾರತಿಯ ಕಡೆಗೆ. ಕೂದಲು ಕೆದರಿ, ಕಂಬ ಹತ್ತಿ, ಚೀರುವ ಹೆಣ್ಣುಮಕ್ಕಳನ್ನು ತೋರಿಸಿ ‘ನಾಟಕ’ ಎಂದು ಬರೆಯುತ್ತಾರೆ. ಆ ಚೀರಾಟದಲ್ಲಿ ಮೋಸವಿಲ್ಲ. ಮನೆಯಲ್ಲಿ ಬಾಯಿ ಬಿಡಲಾಗದವಳು ಅಲ್ಲಿ ಚೀರುತ್ತಾಳೆ. ಅವಳ ಸಂಕಟ ನಿಜ, ಅದಕ್ಕೆ ಅವಳು ಕೊಟ್ಟ ಹೆಸರು ಬೇರೆ ಇರಬಹುದು. ಅವಳನ್ನು ಬಯಲಿಗೆಳೆದು, ಹಾದಿಯಲ್ಲಿ ಕೂತವನನ್ನು ಬಿಟ್ಟುಬರುವ ವಿಮರ್ಶೆ ಅರ್ಧವೂ ಅಲ್ಲ.

ಭಕ್ತಿಯ ಕಡೆಯಿಂದ ಬರೆಯುವವರಿಗೂ ಒಂದು ಮಾತು. ನೀವು ಪಾರಾಯಣ ಮಾಡುವ ಗುರುಚರಿತ್ರೆಯಲ್ಲೇ ನರಸಿಂಹ ಸರಸ್ವತಿಗಳು ಗಾಣಗಾಪುರದ ಮರದಲ್ಲಿದ್ದ ಬ್ರಹ್ಮರಾಕ್ಷಸನನ್ನು ಸಂಗಮದಲ್ಲಿ ಸ್ನಾನ ಮಾಡಿಸಿ ಬಿಡುಗಡೆ ಮಾಡುತ್ತಾರೆ. ಅದನ್ನು ಕಳಿಸಿದವರು ಯಾರು ಎಂದು ಊರಿನಲ್ಲಿ ಹುಡುಕುವುದಿಲ್ಲ. ಭಿಕ್ಷೆಯಲ್ಲಿ ಬದುಕಿದ ಗುರು ಅವರು. ಇವತ್ತಿಗೂ ಅಲ್ಲಿ ಉಳ್ಳವರೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ಆ ನೆಲದಲ್ಲಿ ಸಂಶಯ ಮಾರುವುದಕ್ಕೆ ಗುರುವಿನ ಹೆಸರನ್ನು ಮುಂದೆ ಹಿಡಿಯಬೇಡಿ.

ಬುಡಬುಡಿಕೆಯವನೂ ಹೀಗೆ ಹೇಳುವವನೇ ಅಲ್ಲವೇ ಎನ್ನಬಹುದು. ನಸುಕಿನಲ್ಲಿ ಹಾಲಕ್ಕಿ ನುಡಿಯಿತು ಎಂದು ಓಣಿಗೆ ಸಾರಿ, ಬೆಳಕು ಹರಿದ ಮೇಲೆ ಜೋಳ, ಹಳೆ ಬಟ್ಟೆ ಇಸಿದುಕೊಳ್ಳಲು ಬರುತ್ತಾನೆ. ಅವನೂ ಗಂಡಾಂತರ ಎನ್ನುತ್ತಾನೆ, ತಾಯತ ಕಟ್ಟುತ್ತಾನೆ. ಆದರೆ ಬರುವ ವರ್ಷವೂ ಅದೇ ಓಣಿಗೆ, ಅದೇ ಮುಖಗಳ ಮುಂದೆ ನಿಲ್ಲಬೇಕಾದವನು. ಯಾತ್ರೆಯ ಊರಿನಲ್ಲಿ ಹೇಳುವವನಿಗೆ ಆ ಹಂಗಿಲ್ಲ. ಕೇಳಿದವರು ಸಂಜೆಗೆ ಬಸ್ಸು ಹತ್ತುತ್ತಾರೆ, ಅವನ ಮಾತು ಅವರ ಮನೆಯಲ್ಲಿ ಏನು ಮಾಡಿತೆಂದು ಅವನು ನೋಡುವುದೇ ಇಲ್ಲ.

ಅವನು ನಂಬಿಯೇ ಹೇಳುತ್ತಾನೆ, ಅದು ಮೋಸ ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ನಂಬಿದ್ದಾನೆ ಎಂದೇ ಇಟ್ಟುಕೊಳ್ಳೋಣ. ಎದುರಿಲ್ಲದ, ಉತ್ತರ ಕೊಡಲಾಗದ ಒಬ್ಬ ಹೆಣ್ಣಿನ ಮೇಲೆ ಅಪವಾದ ಹೊರಿಸಲು ನಂಬಿಕೆ ಪರವಾನಗಿಯಲ್ಲ. ಹೆಸರೇ ಹೇಳದವನನ್ನು ಕಾನೂನೂ ಸುಲಭಕ್ಕೆ ಹಿಡಿಯಲಾರದು. 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಮೌಢ್ಯಾಚರಣೆ ನಿಷೇಧ ಕಾಯ್ದೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವ ಕೈಯನ್ನು ಹಿಡಿಯುತ್ತದೆ. ಜ್ಯೋತಿಷ್ಯ, ವಾಸ್ತು ಹೇಳುವುದನ್ನು ಹೊರಗಿಟ್ಟಿದೆ. ಗಾಣಗಾಪುರ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟು ತೆರೆದು ಭಕ್ತರ ಹಣ ಎತ್ತಿದ ಆರೋಪ 2022ರಲ್ಲಿ ಬಂದಾಗ ಪೊಲೀಸ್ ಪ್ರಕರಣವಾಯಿತು, ಪತ್ರಿಕೆಗಳು ಬರೆದವು. ಹೋದದ್ದು ದುಡ್ಡಾದರೆ ಲೆಕ್ಕ ಸಿಗುತ್ತದೆ. ಅಕ್ಷರವೊಂದನ್ನು ತೇಲಿಬಿಟ್ಟು ಸುಮ್ಮನಾದವನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಅತ್ತೆಯ ಮಗಳು ಮಾನಸಿಕ ವೈದ್ಯರ ಔಷಧಿಯಿಂದ ಏಳು ತಿಂಗಳಲ್ಲಿ ಚೇತರಿಸಿಕೊಂಡಳು. ಈಗ ಅವಳಿಗೆ ಇಬ್ಬರು ಮಕ್ಕಳು. ಇಂಥ ಸಂಕಟ ಇರುವವರು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಕಿಲ್ಲ. ಗಾಣಗಾಪುರಕ್ಕೂ ಹೋಗಿ, ಪಾದುಕೆಯ ದರ್ಶನ ಮಾಡಿ, ಭಸ್ಮ ಹಚ್ಚಿಕೊಳ್ಳಿ. ಹಾದಿಯಲ್ಲಿ ಯಾರಾದರೂ ‘ನಿಮ್ಮವರೇ’ ಎಂದರೆ, ಮುಂದಿನ ಶಬ್ದ ಕೇಳುವ ಮೊದಲೇ ಎದ್ದುಬನ್ನಿ. ನನ್ನ ಅತ್ತೆ ಏಳಲಿಲ್ಲ. ಹನ್ನೊಂದು ವರ್ಷದ ಮೇಲೆ ನೆಗೆಣ್ಣಿ ತೀರಿಕೊಂಡಾಗಲೂ ಅವಳು ಆ ಅಂಗಳಕ್ಕೆ ಕಾಲಿಡಲಿಲ್ಲ.